ಜಾತಿಸ್ಮರರು

ಪ್ರತಿಯೊಂದು ಊರಿನಲ್ಲಿಯೂ, ಊರು ದೊಡ್ಡದಾದರೆ ಪ್ರತಿಯೊಂದು ಬೀದಿಯಲ್ಲಿಯೂ, ಪೂರ್ವಜನ್ಮದ ಸ್ಮರಣೆಯುಳ್ಳ ಜಾತಿಸ್ಮರರೊಬ್ಬರು ಇದ್ದೇ ಇರುವರು. ನಡುವಯಸ್ಸು, ನಡುಮಟ್ಟದ ಸಂಬಳ, ಬಾಡಿಗೆಗೆ ತಂದ ಮಂತ್ರವಾದಿಗಳ ಕಾದಂಬರಿಯೊಂದು ಕಂಕುಳಲ್ಲಿ: ಇವು ಬಾಹ್ಯಲಕ್ಷಣಗಳು. ಅಂತರಂಗದಲ್ಲಿಯಾದರೋ ಅವರು ಪಾಳುಬಿದ್ದ ಅರಮನೆಯೊಂದರ ರಾಜಕುಮಾರರು. ಅಲ್ಲಿಯ ಉಪ್ಪರಿಗೆಯಿಂದ ಬಿದ್ದು ಪ್ರಾಣಬಿಟ್ಟ ಪ್ರೇಯಸಿಯು ಈಗ ಎಲ್ಲಿಯೋ ಹುಟ್ಟಿ ತಮ್ಮ ದಾರಿಯನ್ನೇ ಕಾಯುತ್ತಿರುವಳೆಂಬುದರಲ್ಲಿ ಅವರಿಗೆ ಲವಲೇಶವೂ ಸಂದೇಹವಿಲ್ಲ. 1958ರಲ್ಲಿ ಬಿಮಲ್ ರಾಯ್ ಅವರ ‘ಮಧುಮತಿ’ ತೆರೆಕಂಡ ಮೇಲಂತೂ ಈ ಮಹನೀಯರಿಗೆ ಹುರುಪು ಇಮ್ಮಡಿಸಿತು. ಬಿರುಗಾಳಿಯ ರಾತ್ರಿ ಹಳೆಯ ಬಂಗಲೆಯನ್ನು ಹೊಕ್ಕ ಆ ನಾಯಕನಿಗೆ ಹಿಂದಿನದೆಲ್ಲ ನೆನಪಾದಂತೆ, ನಮ್ಮ ಜಾತಿಸ್ಮರರಿಗೂ ಮಳೆಗೆಂದು ಯಾರದೋ ಜಗುಲಿಯನ್ನೇರಿದೊಡನೆ, ಇಲ್ಲಿಗೆ ತಾವು ಹಿಂದೊಮ್ಮೆ ಬಂದಿದ್ದುಂಟೆಂಬ ರೋಮಾಂಚವಾಗುವುದು. ಬಂದಿದ್ದುದು ನಿಜವೇ; ಕಳೆದ ವರ್ಷ ಚೀಟಿಯ ಹಣ ಕೇಳಲು ಬಂದು ಬರಿಗೈಯಲ್ಲಿ ಹಿಂದಿರುಗಿದ ಮನೆ ಅದು.

ಪ್ರೇಯಸಿಯ ಸ್ಥಾನಕ್ಕೆ ಧರ್ಮಪತ್ನಿಯನ್ನು ಅವರು ಎಂದೂ ಪರಿಗಣಿಸಿದವರಲ್ಲ. ಆಕೆಗೆ ಮೀಸಲಾದುದು ಮಾಟಗಾತಿಯ ಪಾತ್ರ. ಹೆಣ್ಣು ನೋಡಲು ಹೋದ ದಿನ ಮಾವನ ಮನೆಯ ಕೇಸರಿಬಾತಿನಲ್ಲಿ ವಶೀಕರಣದ ಮದ್ದು ಬೆರೆತಿತ್ತೆಂದೂ, ಇಲ್ಲವಾದರೆ ಬೇಡವೆನ್ನಲೆಂದೇ ಹೊರಟಿದ್ದ ತಾವು ಎರಡನೆಯ ತಟ್ಟೆ ಮುಗಿಯುವುದರೊಳಗಾಗಿ ಒಪ್ಪಿಗೆಯಿತ್ತುದಕ್ಕೆ ಬೇರೆ ಕಾರಣವೇ ಇರಲಾರದೆಂದೂ ಆಪ್ತರಲ್ಲಿ ಹೇಳಿಕೊಳ್ಳುವುದುಂಟು. ಒಂದು ಅಮಾವಾಸ್ಯೆಯ ಬೆಳಗ್ಗೆ ಹೊಸ್ತಿಲಾಚೆ ನಿಂಬೆಹಣ್ಣೊಂದು ಬಿದ್ದಿರುವುದನ್ನು ಕಂಡು, ದಾಟಲೂ ಆರದೆ ಮುಟ್ಟಲೂ ಆರದೆ, ಎತ್ತಿದ ಕಾಲನ್ನು ಎತ್ತಿದಂತೆಯೇ ಹಿಡಿದು ನಿಂತಿದ್ದ ಅವರನ್ನು ನಾನು ಕಣ್ಣಾರೆ ನೋಡಿದ್ದೇನೆ. ಆಕೆ ಒಳಗಿನಿಂದ ಬಂದು, “ಅಯ್ಯೋ, ಇಲ್ಲಿ ಉರುಳಿಬಿಟ್ಟಿದ್ಯಾ! ಆಗಿನಿಂದ ಚೀಲವೆಲ್ಲ ತಡಕಾಡ್ತಿದ್ದೀನಿ,” ಎಂದು ಅದನ್ನೆತ್ತಿಕೊಂಡು ಹೋದರು. ಚಿತ್ರಾನ್ನವಾಯಿತು. ಇವರು ಮತ್ತೆ ಮತ್ತೆ ಬಡಿಸಿಕೊಂಡು ಉಂಡು, ಕೈತೊಳೆದ ಮೇಲೆ ಮಾಟದ ಪ್ರಸ್ತಾಪವನ್ನೆತ್ತಿದರು.

“ನನಗೆ ಮಾಟ ಬರೋ ಹಾಗಿದ್ರೆ, ಬಾವಿ ನೀರು ತಾನಾಗೇ ಬಚ್ಚಲ ಹಂಡೆಗೆ ಬಂದು ಬೀಳೋ ಹಾಗೆ ಮಾಡ್ಕೋತಿದ್ದೆ ಕಣ್ರೀ!”

ಇದಕ್ಕಿಂತ ಸಮರ್ಪಕವಾದ ಖಂಡನೆಯನ್ನು ನಾನು ಯಾವ ವಿಚಾರವಾದಿಯ ಬಾಯಲ್ಲಿಯೂ ಕೇಳಿಲ್ಲ.

ಶಾಸ್ತ್ರಾಧಾರ ಬೇಕಾದಾಗ ಅವರು ಆಶ್ರಯಿಸುವುದು ಬಾಣನ ‘ಕಾದಂಬರಿ’ಯನ್ನು. ಜನ್ಮಾಂತರದ ಸೆಳೆತಕ್ಕೆ ಸಿಕ್ಕಿ ಬೆನ್ನುಹತ್ತಿ ಬಂದ ವೈಶಂಪಾಯನನನ್ನು, ಆತನೇ ತನ್ನ ಅಗಲಿದ ಪ್ರಿಯಕರ ಪುಂಡರೀಕನೆಂದರಿಯದ ಮಹಾಶ್ವೇತೆ, ಗಿಳಿಯಾಗಿ ಹುಟ್ಟೆಂದು ಶಪಿಸಿದ ಭಾಗವನ್ನು ಮಾತ್ರ ಅವರು ಓದದೆಯೇ ದಾಟಿಬಿಡುವರು. ಬಸ್ಸು ನಿಲ್ದಾಣದಲ್ಲಿ ಅಪರಿಚಿತ ಉಪಾಧ್ಯಾಯಿನಿಯೊಬ್ಬರ ಮುಖದಲ್ಲಿ ಪೂರ್ವಜನ್ಮವನ್ನು ಹುಡುಕುವವರು ಮೊದಲು ಓದಬೇಕಾದುದು ಅದನ್ನೇ ಎಂಬುದು ನನ್ನ ಅಭಿಪ್ರಾಯ.

ಕಡೆಗೊಂದು ಸಂಜೆ, ನಿವೃತ್ತರಾದ ಕನ್ನಡ ಮೇಷ್ಟ್ರೊಬ್ಬರು ಅವರಿಗೆ ಪಂಪ 941ರಲ್ಲಿ ರಚಿಸಿದ ‘ಆದಿಪುರಾಣ’ದ ಕಥೆಯನ್ನು ಸಾವಧಾನವಾಗಿ ಹೇಳಿದರು. ದೇವಲೋಕದಲ್ಲಿ ಲಲಿತಾಂಗನನ್ನಗಲಿದ ಸ್ವಯಂಪ್ರಭೆ ಭೂಮಿಯಲ್ಲಿ ಶ್ರೀಮತಿಯಾಗಿ ಹುಟ್ಟಿ, ಹಿಂದಿನದು ನೆನಪಾಗಿ ಮೂರ್ಛೆಹೋದುದು. ಆ ನೆನಪನ್ನೆಲ್ಲ ಪಟದಲ್ಲಿ ಚಿತ್ರಿಸಿದುದು. ಪಟವನ್ನು ಕಂಡು, ಲಲಿತಾಂಗನೇ ಮರಳಿ ಹುಟ್ಟಿದ್ದ ವಜ್ರಜಂಘನಿಗೂ ಸ್ಮರಣೆಯುಂಟಾಗಿ ವಿವಾಹವಾದುದು. ಕಿಟಕಿ ಮುಚ್ಚಿದ ಶಯ್ಯಾಗೃಹದಲ್ಲಿ ಧೂಪದ ಹೊಗೆ ಕವಿದು ಇಬ್ಬರೂ ಜೊತೆಯಲ್ಲಿಯೇ ಮಡಿದುದು. ಜಾತಿಸ್ಮರರ ಕಣ್ಣು ಒದ್ದೆಯಾಯಿತು.

“ಆಮೇಲೆ, ಮೇಷ್ಟ್ರೇ?”

“ಆಮೇಲೆ ಎಷ್ಟೋ ಭವ ಕಳೆದು ವಜ್ರಜಂಘ ಆದಿತೀರ್ಥಂಕರನಾದ. ಶ್ರೀಮತಿಯ ಜೀವ ಹಸ್ತಿನಾಪುರದ ಶ್ರೇಯಾಂಸನಾಗಿ ಹುಟ್ಟಿತು. ಬಹುಕಾಲ ಆಹಾರವಿಲ್ಲದೆ ಬಂದ ಸ್ವಾಮಿಯನ್ನು ನೋಡುತ್ತಲೇ ಹಿಂದಿನದೆಲ್ಲ ನೆನಪಾಗಿ ಕಬ್ಬಿನ ಹಾಲು ನೀಡಿದ.”

“ನೀಡಿದಳು ಎನ್ನಿ.”

“ಇಲ್ಲ. ನೀಡಿದ. ಗಂಡಸು.”

ಜಾತಿಸ್ಮರರು ಬಹಳ ಹೊತ್ತು ಮಾತನಾಡಲಿಲ್ಲ. ಈಗ ಮಾರುಕಟ್ಟೆಯ ಮೂಲೆಯಲ್ಲಿ ಕಬ್ಬಿನ ಹಾಲು ಮಾರುವ ಗಿರಿಜಾಮೀಸೆಯ ಆಸಾಮಿ, “ಬನ್ನಿ ಸ್ವಾಮಿ, ತಮ್ಮನ್ನು ನೋಡಿ ಎಷ್ಟು ಕಾಲವಾಯ್ತು!” ಎಂದು ಲೋಟವನ್ನೆತ್ತಿ ಅಕ್ಕರೆಯಿಂದ ಕರೆದರೆ, ಅವರು ಕೊಡೆಯನ್ನು ಮುಖಕ್ಕೆ ಅಡ್ಡಹಿಡಿದು ರಸ್ತೆಯ ಆಚೆಬದಿಗೆ ದಾಟಿಬಿಡುವರು.