‘ದೇವರಿಗೆ ಬೆಳಕಿನ ಪ್ರಭಾವಳಿ, ನನಗೆ ಮಸಿಯದು’

‘ಲಾರೆನ್ಸ್ ವೆಲ್ಕ್ ಶೋ’ ಅಂದರೆ ಒಂದು ಕಾಲದ ಅಮೆರಿಕದ ಮನೆಗಳಲ್ಲಿ ಶನಿವಾರ ಸಂಜೆ. 1951ರಲ್ಲಿ ಲಾಸ್ ಏಂಜಲೀಸ್‌ನ ಸ್ಥಳೀಯ ವಾಹಿನಿಯಲ್ಲಿ ಶುರುವಾದ ಈ ನೃತ್ಯಸಂಗೀತ ಕಾರ್ಯಕ್ರಮ 1955ರಲ್ಲಿ ಎಬಿಸಿ ಟಿ.ವಿ. ಜಾಲದ ಮೂಲಕ ದೇಶಕ್ಕೆಲ್ಲ ಹಬ್ಬಿತು, 1982ರವರೆಗೂ ನಡೆಯಿತು. ಬ್ಯಾಂಡ್ ನಾಯಕ ವೆಲ್ಕ್ ಕೈಯಲ್ಲಿ ಬ್ಯಾಟನ್, ಮೈರನ್ ಫ್ಲೋರೆನ್ ಎದೆಯ ಮೇಲೆ ಅಕಾರ್ಡಿಯನ್, ಗಾಳಿಯಲ್ಲಿ ಸೋಪಿನ ಗುಳ್ಳೆಗಳು. ಇವರೆಲ್ಲರ ಹಿಂದೆ ಕೂತಿದ್ದ ದಪ್ಪ ಹಿತ್ತಾಳೆ ವಾದ್ಯ ಟ್ಯೂಬಾವನ್ನು ಮಾತ್ರ ಯಾರೂ ಮಾತಾಡಿಸಿರಲಿಲ್ಲ. ನಾವು ಹೋದಾಗ ಟ್ಯೂಬಾ ತನ್ನ ಪೆಟ್ಟಿಗೆಯೊಳಗೆ ಮಲಗಿತ್ತು. ಏಳಿಸಲು ಇಬ್ಬರು ಬೇಕಾದರು.

ಪ್ರಶ್ನೆ: ನಮಸ್ಕಾರ. ತಮ್ಮ ಹುಟ್ಟೂರು?

ಟ್ಯೂಬಾ: ಬರ್ಲಿನ್, 1835. ವೀಪ್ರೆಕ್ಟ್ ಮತ್ತು ಮೋರಿಟ್ಸ್ ಎಂಬಿಬ್ಬರು ಪೇಟೆಂಟ್ ಪಡೆದು ನನ್ನನ್ನು ಮಿಲಿಟರಿ ಬ್ಯಾಂಡಿಗೆ ಸೇರಿಸಿದರು. ಬಿ-ಫ್ಲಾಟ್ ಟ್ಯೂಬಾದ ಸುರುಳಿ ಬಿಚ್ಚಿ ನೆಟ್ಟಗೆ ಮಾಡಿದರೆ ಸುಮಾರು 18 ಅಡಿ. ಸುತ್ತಿಟ್ಟಿದ್ದಕ್ಕೇ ಟಿ.ವಿ. ಪರದೆಯೊಳಗೆ ಹಿಡಿಸಿದ್ದು.

ಪ್ರಶ್ನೆ: ಸೈನ್ಯ ಬಿಟ್ಟು ಕುಣಿತದ ಹಾಲ್‌ಗೆ ಬಂದದ್ದು ಹೇಗೆ?

ಟ್ಯೂಬಾ: 1920ರ ದಶಕದಲ್ಲಿ ಎಷ್ಟೋ ನೃತ್ಯ ಬ್ಯಾಂಡುಗಳಲ್ಲಿ ಮಂದ್ರಸ್ಥಾಯಿ ನನ್ನದೇ ಜಹಗೀರು. ಮೊದಮೊದಲು ಗ್ರಾಮಫೋನ್ ಮುದ್ರಣಕ್ಕೆ ಮೈಕ್ ಇರಲಿಲ್ಲ, ಒಂದು ದೊಡ್ಡ ಕಹಳೆಯ ಮುಂದೆ ನಿಂತು ನುಡಿಸಬೇಕು. ಅಲ್ಲಿ ತಂತಿವಾದ್ಯ ಡಬಲ್ ಬಾಸ್ ಪಿಸುಗುಟ್ಟುತ್ತಿತ್ತು, ನಾನು ಗುಡುಗುತ್ತಿದ್ದೆ. 1925ರ ಹೊತ್ತಿಗೆ ಮೈಕ್ ಬಂತು, ಪಿಸುಮಾತೂ ಕೇಳಿಸತೊಡಗಿತು. ಹಿಂದೆಯೇ ಸ್ವಿಂಗ್ ಶೈಲಿಯ ಜಾಝ್ ಬಂತು. ನನಗೆ ನಾಲ್ಕರಲ್ಲಿ ಎರಡು ಪೆಟ್ಟು ಹಿತ. ಸ್ವಿಂಗಿನವರಿಗೆ ನಾಲ್ಕೂ ಬೇಕಂತೆ! ತಂತಿ ಮೀಟುವವನಿಗೆ ಬೆರಳು ನೋಯಬಹುದು. ನನ್ನನ್ನು ಊದುವವನಿಗೆ ಪ್ರಾಣವೇ ಹೋಗುತ್ತದೆ.

ಪ್ರಶ್ನೆ: ಅಂದರೆ ಟಿ.ವಿ. ಬರುವ ಹೊತ್ತಿಗೆ ತಾವು ನಿವೃತ್ತರು?

ಟ್ಯೂಬಾ: ನಿವೃತ್ತರಾದವರೇ ಸಲಹೆಗಾರರಾಗಿ ಮರಳುವುದು ನಿಮ್ಮ ಕಡೆಯೂ ಉಂಟಲ್ಲ? ವೆಲ್ಕ್ ನಾರ್ತ್ ಡಕೋಟಾದವರು, ರಷ್ಯದಿಂದ ವಲಸೆ ಬಂದ ಜರ್ಮನ್ ಭಾಷಿಕರ ಮಗ. ಅವರಿಗೆ ಪೋಲ್ಕಾ ಕುಣಿತದ ಸಂಗೀತ ಬೇಕು, ಪೋಲ್ಕಾಗೆ ನಾನು ಬೇಕು. ಆದರೆ ನನಗೇ ಅಂತ ಪ್ರತ್ಯೇಕ ಹುದ್ದೆ ಮಂಜೂರಾಗಲಿಲ್ಲ. 1967ರಲ್ಲಿ ಸೇರಿದ ರಿಚರ್ಡ್ ಮಲೂಫ್ ಅವರನ್ನೇ ನೋಡಿ, ಬಾಸ್ ನುಡಿಸುವವರು ಅವರು, ನಾನೂ ಅವರ ಪಾಲಿಗೇ. ಹೆಚ್ಚುವರಿ ಪ್ರಭಾರ.

ಪ್ರಶ್ನೆ: ತಮ್ಮ ಕೆಲಸ ಬಹಳ ಸುಲಭ ಅನ್ನುತ್ತಾರೆ.

ಟ್ಯೂಬಾ: ಅನ್ನುವವರು ಒಮ್ಮೆ ಊದಲಿ. ‘ಊಂ-ಪಾ’ದಲ್ಲಿ ‘ಊಂ’ ಮಾತ್ರ ನನ್ನದು, ‘ಪಾ’ ಬೇರೆಯವರ ಪಾಲು. ಒಮ್ಮೆ ಷಡ್ಜ, ಇನ್ನೊಮ್ಮೆ ಪಂಚಮ. ವಾಲ್ಟ್ಸ್ ಆದರೆ ಮೂರಕ್ಕೆ ಒಂದೇ ಸಲ. ಆದರೆ ಒಂದು ‘ಊಂ’ ತಡವಾಗಲಿ, ಕುಣಿಯುತ್ತಿರುವ ಅಷ್ಟೂ ಅಜ್ಜಂದಿರು ಅಜ್ಜಿಯರ ಕಾಲು ತುಳಿಯುತ್ತಾರೆ. ಬೈಗುಳ ಅಜ್ಜನಿಗೆ, ತಪ್ಪು ನನ್ನದು. ಅಷ್ಟರಮಟ್ಟಿಗೆ ಈ ಕೆಲಸದಲ್ಲಿ ಸುಖವಿದೆ.

ಪ್ರಶ್ನೆ: ಕ್ಯಾಮೆರಾ ತಮ್ಮನ್ನು ಕಡೆಗಣಿಸಿತೆ?

ಟ್ಯೂಬಾ: ಕಡೆಗಣಿಸಿದ್ದರೆ ವಾಸಿಯಿತ್ತು. ಆಗಿನ ಕ್ಯಾಮೆರಾದಲ್ಲಿ ‘ಇಮೇಜ್ ಆರ್ಥಿಕಾನ್’ ಎಂಬ ಕೊಳವೆ ಇರುತ್ತಿತ್ತು. ಥಳಥಳಿಸುವುದೇನಾದರೂ ಎದುರಿಗೆ ಬಂದರೆ ಚಿತ್ರದಲ್ಲಿ ಅದರ ಸುತ್ತ ಕಪ್ಪು ವರ್ತುಲ ಮೂಡುತ್ತಿತ್ತು. ನನ್ನ ಬಾಯಿಯ ಅಂಚಿಗೆ ಸ್ಟುಡಿಯೋ ದೀಪ ಬಿದ್ದರೆ ಮುಗಿಯಿತು. ದೇವರಿಗೆ ಬೆಳಕಿನ ಪ್ರಭಾವಳಿ, ನನಗೆ ಮಸಿಯದು.

ಪ್ರಶ್ನೆ: ದನಿಯಾದರೂ ಜನರಿಗೆ ಮುಟ್ಟಿತಲ್ಲ?

ಟ್ಯೂಬಾ: (ದೀರ್ಘ ಉಸಿರು, ಕಿಟಕಿಯ ಗಾಜು ಅದುರಿತು) ಅದನ್ನು ಕೇಳಲೇಬೇಡಿ. ಆಗಿನ ಟಿ.ವಿ. ಪೆಟ್ಟಿಗೆಯ ಸ್ಪೀಕರ್ ಎಷ್ಟು ದೊಡ್ಡದು? ಅಂಗೈಯಗಲ. ನನ್ನ ಕೆಳಗಿನ ಬಿ-ಫ್ಲಾಟ್ ಸ್ವರಕ್ಕೆ ಸೆಕೆಂಡಿಗೆ ಸುಮಾರು 58 ಕಂಪನ. ಅಷ್ಟು ತಗ್ಗಿನ ಸ್ವರ ಆ ಪುಟ್ಟ ಸ್ಪೀಕರಿನಿಂದ ಹೊರಡುವುದೇ ಕಷ್ಟ. ಅದರ ಮೇಲಿನ ಉಪಸ್ವರಗಳಷ್ಟೇ ಮನೆ ತಲುಪುತ್ತಿದ್ದವು. ಅವನ್ನು ಕೇಳಿ ಮಿದುಳು ‘ಬುಡದಲ್ಲಿ ಇಂಥ ಸ್ವರ ಇದ್ದಿರಬೇಕು’ ಎಂದು ತಾನೇ ತುಂಬಿಕೊಳ್ಳುತ್ತಿತ್ತು. ನಾನು ವರ್ಷಗಟ್ಟಲೆ ದುಡಿದೆ, ವೀಕ್ಷಕರು ತಮ್ಮ ಊಹೆಯನ್ನು ಕೇಳಿ ಚಪ್ಪಾಳೆ ತಟ್ಟಿದರು.

ಪ್ರಶ್ನೆ: ಗುಳ್ಳೆ ಯಂತ್ರದ ಜತೆ ತಮಗೆ ಸರಿಬರುತ್ತಿರಲಿಲ್ಲವಂತೆ?

ಟ್ಯೂಬಾ: ವೆಲ್ಕ್ ಸಂಗೀತಕ್ಕೆ ‘ಶಾಂಪೇನ್ ಮ್ಯೂಸಿಕ್’ ಅಂತ ಹೆಸರು. ಹಗುರ, ನೊರೆನೊರೆ. ಗುಳ್ಳೆ ಯಂತ್ರಕ್ಕೂ ಗಾಳಿ ಬೇಕು, ನನಗೂ ಗಾಳಿ ಬೇಕು. ಅದಕ್ಕೆ ಕೀರ್ತಿ ಬಂತು, ನನ್ನೊಳಗೆ ನೀರು ನಿಂತಿತು. ಊದುವವರ ಉಸಿರಿನ ಆವಿ ತಣ್ಣಗಾಗಿ ಕೊಳವೆಯ ತಿರುವಿನಲ್ಲಿ ಸೇರುತ್ತದೆ. ಸ್ವರ ಗುಳುಗುಳು ಅನ್ನುತ್ತದೆ. ಹಾಡು ಮುಗಿದೊಡನೆ ಪುಟ್ಟ ಸನ್ನೆಕೋಲೊಂದನ್ನು ಒತ್ತಿ, ಮೆಲ್ಲಗೆ ಊದಿ, ನಾಲ್ಕು ಹನಿ ನೆಲಕ್ಕೆ ಬಿಡಬೇಕು. ಜನ ಅದನ್ನು ಉಗುಳು ಅಂತಾರೆ. ಗುಳ್ಳೆಗೆ ಯಾರೂ ಹಾಗನ್ನಲಿಲ್ಲ.

ಪ್ರಶ್ನೆ: 1971ರಲ್ಲಿ ಎಬಿಸಿ ಕೈಬಿಟ್ಟಿತಲ್ಲ?

ಟ್ಯೂಬಾ: ನೋಡುವವರಿಗೆ ವಯಸ್ಸಾಯಿತು ಅಂದರು. ನಡುನಡುವೆ ಜೆರಿಟಾಲ್ ಟಾನಿಕ್ ಜಾಹೀರಾತು ಹಾಕುತ್ತಿದ್ದವರಿಗೆ ಅದು ಮೊದಲೇ ಗೊತ್ತಿರಲಿಲ್ಲವೆ? ವೆಲ್ಕ್ ಕೈಕಟ್ಟಿ ಕೂರಲಿಲ್ಲ, ಊರೂರಿನ ಸ್ಟೇಷನ್‌ಗಳಿಗೆ ನೇರವಾಗಿ ಕಾರ್ಯಕ್ರಮ ಹಂಚಿ ಇನ್ನೂ 11 ವರ್ಷ ನಡೆಸಿದರು. 1987ರಿಂದ ಒಕ್ಲಹೋಮಾದ ಸಾರ್ವಜನಿಕ ವಾಹಿನಿಯವರು ಮರುಪ್ರಸಾರ ಶುರುಮಾಡಿದರು.

ಪ್ರಶ್ನೆ: ನಮ್ಮ ಓದುಗರಿಗೆ ಏನಾದರೂ ಹೇಳುವುದಿದೆಯೆ?

ಟ್ಯೂಬಾ: ಒಂದೇ ವಿನಂತಿ. ಹಳೆಯ ಕಂತು ಸಿಕ್ಕರೆ ದಯವಿಟ್ಟು ಮೊಬೈಲ್‌ನಲ್ಲಿ ನೋಡಬೇಡಿ. ಅದರ ಸ್ಪೀಕರ್ 1955ರದಕ್ಕಿಂತಲೂ ಚಿಕ್ಕದು.