ಅಂಗಳಕ್ಕೆ ಇಂಟರ್‌ಲಾಕ್

ಮನೆಯೆದುರಿನ ಅಂಗಳಕ್ಕೆ ಕಾಂಕ್ರೀಟ್ ಬಿಲ್ಲೆಗಳನ್ನು ಒಂದಕ್ಕೊಂದು ಕಚ್ಚಿಸಿ ಹಾಸುವ ಕೆಲಸಕ್ಕೆ ಕರಾವಳಿಯಲ್ಲಿ ಇಂಟರ್‌ಲಾಕ್ ಹಾಕಿಸುವುದು ಎನ್ನುತ್ತಾರೆ. ಹಾಕುವವನು ಕಂತ್ರಾಟುದಾರ, ದುಡ್ಡು ಕೊಡುವವನು ಮನೆಯ ಯಜಮಾನ. ಹಾಕಿಸಲೇಬೇಕೆಂದು ತೀರ್ಮಾನಿಸುವುದು ಮಾತ್ರ ಪಕ್ಕದ ಮನೆಯ ಅಂಗಳ.

ಮೊದಲು ಈ ತಾಪತ್ರಯ ಇರಲಿಲ್ಲ. ಬೇರೆ ತಾಪತ್ರಯ ಇತ್ತು. ಮಳೆಗಾಲದಲ್ಲಿ ಕೆಸರಾಗದಂತೆ ಅಂಗಳಕ್ಕೆ ಅಡಿಕೆ ಸೋಗೆ ಹಾಸಬೇಕು. ಮಳೆ ಬಿಟ್ಟ ಮೇಲೆ ಅದನ್ನು ಬಾಚಿ, ಹುಲ್ಲು ಕೆತ್ತಿ, ಮಣ್ಣು ಬಡಿದು ಮಟ್ಟ ಮಾಡಿ, ಸಗಣಿ ಸಾರಿಸಿದರೆ ಮಾತ್ರ ಅಡಿಕೆ ಒಣಗಿಸಲು ಜಾಗ. ಕೆತ್ತುವವರು ಊರಲ್ಲಿ ಸಿಗದಾದರು, ಸಗಣಿ ಕೊಡುವ ಹಸುಗಳೂ ಹಟ್ಟಿಯಿಂದ ಹೋದವು. ಆ ಜಾಗಕ್ಕೆ ಬಿಲ್ಲೆಗಳು ಬಂದವು. ಅವುಗಳ ಹಿರಿಯರು ನೆದರ್‌ಲ್ಯಾಂಡ್ಸ್‌ನವರು. ಎರಡನೆಯ ಮಹಾಯುದ್ಧ ಮುಗಿದಾಗ ಅಲ್ಲಿ ಬೀದಿಗೆ ಹಾಸುವ ಸುಟ್ಟ ಇಟ್ಟಿಗೆಗೆ ಅಭಾವ ಬಂದು, ಕಾಂಕ್ರೀಟಿನಲ್ಲೇ ಅದೇ ಅಳತೆಯ ಬಿಲ್ಲೆ ಎರೆದು ಹಾಸಿದರು. ನೆಲ ಕುಸಿಯುತ್ತಲೇ ಇರುವ ದೇಶ ಅದು. ಕುಸಿದಲ್ಲಿ ಎಬ್ಬಿಸಿ ಮತ್ತೆ ಕೂರಿಸಬಹುದು ಎಂಬ ಗುಣವೇ ಅಲ್ಲಿಯವರಿಗೆ ಹಿಡಿಸಿತು. ಇಲ್ಲಿ ಎಬ್ಬಿಸಿ ಕೂರಿಸುವ ಪ್ರಸಂಗ ಬರುವುದು ಹೆಚ್ಚಾಗಿ ಕಂತ್ರಾಟುದಾರನ ದೆಸೆಯಿಂದ.

ಒಳ್ಳೆಯ ಕಂತ್ರಾಟುದಾರ ಯಾವಾಗಲೂ ಇನ್ನೊಂದು ಕಡೆ ಕೆಲಸದಲ್ಲಿರುತ್ತಾನೆ. ಬಿಡುವಾಗಿರುವವನ ಬಗ್ಗೆ ಸ್ವಲ್ಪ ವಿಚಾರಿಸುವುದು ಒಳ್ಳೆಯದು. ಕಂತ್ರಾಟುದಾರ ಬಂದವನೇ ಅಂಗಳದ ಈ ತುದಿಯಿಂದ ಆ ತುದಿಗೆ ಹೆಜ್ಜೆ ಹಾಕಿ ಅಳತೆ ಹೇಳುತ್ತಾನೆ. ಟೇಪು ಹಿಡಿದರೆ ಅದು ಹೆಚ್ಚುಕಡಿಮೆ ಸರಿಯಾಗಿಯೇ ಇರುತ್ತದೆ. ಚದರ ಅಡಿಗೆ ಅವನು ಹೇಳುವ ದರ ಪಕ್ಕದ ಮನೆಯವರು ಕೊಟ್ಟದ್ದಕ್ಕಿಂತ ಕಡಿಮೆ. ಯಜಮಾನ ಒಳಗೊಳಗೇ ಹಿಗ್ಗುತ್ತಾನೆ. ಜೇಸಿಬಿ ಬಾಡಿಗೆ, ಅಂಚಿಗೆ ಹಾಕುವ ಕಾಂಕ್ರೀಟು, ತುಳಸಿಕಟ್ಟೆಯ ಸುತ್ತ ಬಿಲ್ಲೆ ಕೊಯ್ಯುವ ಮಜೂರಿ, ಇವೆಲ್ಲ ಆ ದರದಲ್ಲಿ ಸೇರಿಲ್ಲವೆಂಬುದು ಅರ್ಧ ಅಂಗಳ ಅಗೆದ ಮೇಲೆ ತಿಳಿಯುತ್ತದೆ. ಇವನ್ನು ಮೊದಲೇ ಒಂದು ಕಾಗದದಲ್ಲಿ ಬರೆಸಿಕೊಳ್ಳಬಹುದು. "ನಮ್ಮೊಳಗೆ ಕಾಗದ ಎಂತಕೆ ಮಾರಾಯ್ರೆ?" ಎಂದು ಅವನು ನೊಂದುಕೊಂಡರೆ ಇನ್ನಷ್ಟು ವಿವರವಾಗಿ ಬರೆಸಿಕೊಳ್ಳಬೇಕು.

ಮುಂದಿನದು ಆಯ್ಕೆ. ಝಿಗ್‌ಝ್ಯಾಗ್, ಡಂಬೆಲ್, ಟ್ರೈಹೆಕ್ಸ್, ಕಾಸ್ಮಿಕ್ ಎಂಬ ಆಕಾರಗಳೂ ಕೆಂಪು, ಹಳದಿ, ಬೂದು ಬಣ್ಣಗಳೂ ಇವೆ. ಈ ವಿಷಯದಲ್ಲಿ ಮನೆಮಂದಿಯೆಲ್ಲ ಸಭೆ ಸೇರುತ್ತಾರೆ, ಮುಂಬಯಿಯ ಮಗಳು ವಿಡಿಯೊ ಕಾಲಿನಲ್ಲಿ ಹಾಜರಾಗುತ್ತಾಳೆ, ರಂಗೋಲಿಯ ಚುಕ್ಕಿ ಬಿಲ್ಲೆಯ ಸಂದಿಗೆ ಬೀಳುತ್ತದಲ್ಲ ಎಂದು ಅಜ್ಜಿ ತಕರಾರು ತೆಗೆಯುತ್ತಾರೆ. ದಪ್ಪ ಎಷ್ಟು ಎಂದು ಮಾತ್ರ ಯಾರೂ ಕೇಳುವುದಿಲ್ಲ. ಭಾರತೀಯ ಮಾನಕ ಐಎಸ್ 15658ರ ಪ್ರಕಾರ ಜನ ಓಡಾಡುವಲ್ಲಿಗೆ 50 ಮಿಲಿಮೀಟರ್, ಹಗುರ ವಾಹನಕ್ಕೆ 60, ಅದಕ್ಕಿಂತ ಭಾರದ್ದಕ್ಕೆ 80 ಮತ್ತು ಮೇಲೆ. ಅಡಿಕೆ ಒಯ್ಯುವ ಪಿಕಪ್ಪು, ಗೊಬ್ಬರದ ಲಾರಿ ಒಳಗೆ ಬರುವ ಅಂಗಳಕ್ಕೆ 50ರದ್ದನ್ನು ಹಾಸಿದರೂ ಮೇಲಿಂದ ನೋಡುವವರಿಗೆ ಗೊತ್ತಾಗುವುದಿಲ್ಲ, ಲಾರಿಗೆ ಗೊತ್ತಾಗುತ್ತದೆ. ಬಿಲ್ಲೆಯ ಪ್ರಾಯವನ್ನೂ ವಿಚಾರಿಸಬೇಕು. ಕಾಂಕ್ರೀಟಿನ ಬಲವನ್ನು ಅಳೆಯುವುದು 28 ದಿನಕ್ಕೆ. ಮದುವೆಯ ಋತುವಿನಲ್ಲಿ ಗಿರಾಕಿ ಜಾಸ್ತಿಯಾಗಿ, ಮೊನ್ನೆ ಎರೆದದ್ದು ಇವತ್ತು ಲಾರಿ ಹತ್ತುವುದುಂಟು. ಅಂಥದರ ಮೂಲೆ ಉಗುರಿಗೇ ಉದುರುತ್ತದೆ.

ಕೆಲಸ ಶುರುವಾಗುವ ಮೊದಲು ಒಂದು ಲೋಡು ಜಲ್ಲಿ ಹುಡಿ ಬಂದು ಅಂಗಳದ ನಡುವೆ ಬೀಳುತ್ತದೆ. ಇದು ಬಸ್ಸಿನ ಸೀಟಿಗೆ ಕಿಟಕಿಯಿಂದ ಟವೆಲ್ ಎಸೆದಂತೆ. ಇನ್ನು ಬೇರೆ ಕಂತ್ರಾಟುದಾರ ಆ ಕಡೆ ಸುಳಿಯುವುದಿಲ್ಲ, ಇವನೂ ಕೆಲವು ದಿನ ಸುಳಿಯುವುದಿಲ್ಲ. ರಾಶಿಯ ಮೇಲೆ ಬೆಕ್ಕು ತನ್ನ ನಿತ್ಯಕರ್ಮ ಶುರುಮಾಡುತ್ತದೆ, ಮಕ್ಕಳು ಗುಡ್ಡ ಹತ್ತಿ ಇಳಿಯುತ್ತಾರೆ. ಮೇ ತಿಂಗಳ ಕೊನೆಗೆ ಮನೆಯಲ್ಲಿ ಮದುವೆ, ಜೂನ್ ಮೊದಲ ವಾರ ಮಳೆ ಎನ್ನುವಾಗ ಅವನು ಪ್ರತ್ಯಕ್ಷ.

ಅಸಲು ಕೆಲಸವೆಲ್ಲ ಬಿಲ್ಲೆಯ ಕೆಳಗಿನದು. ಮೇಲಿನ ಸಡಿಲ ಮಣ್ಣು ತೆಗೆದು, ನೆಲ ಗಟ್ಟಿ ಮಾಡಿ, ನಾಲ್ಕರಿಂದ ಆರು ಇಂಚು ಜಲ್ಲಿ ಹಾಕಿ, ನೀರು ಚಿಮುಕಿಸಿ, ಯಂತ್ರದಿಂದ ದಮ್ಮಸು ಮಾಡಬೇಕು. ಅದರ ಮೇಲೆ ಒಂದು ಇಂಚಿನಷ್ಟು ಹುಡಿ ಎಳೆದು ಬಿಲ್ಲೆ ಕೂರಿಸಬೇಕು. ಸುತ್ತ ಕಾಂಕ್ರೀಟಿನ ಅಂಚು ಕಟ್ಟದಿದ್ದರೆ ಬಿಲ್ಲೆಗಳು ವರ್ಷಕ್ಕಿಷ್ಟು ತೋಟದ ಕಡೆಗೆ ಜರುಗುತ್ತವೆ. ಈ ಜಲ್ಲಿ, ದಮ್ಮಸು ನಡೆಯುವ ದಿನವೇ ಯಜಮಾನ ಆಮಂತ್ರಣ ಹಂಚಲು ಪುತ್ತೂರಿಗೆ ಹೋಗಿರುತ್ತಾನೆ, ದಮ್ಮಸು ಯಂತ್ರ ಇನ್ನೊಂದು ಸೈಟಿಗೆ ಹೋಗಿರುತ್ತದೆ. ಸಂಜೆ ಬಂದು ನೋಡಿದರೆ ಹುಡಿ ನುಣ್ಣಗೆ ಹರಡಿದೆ. ಅದರ ಕೆಳಗೆ ಜಲ್ಲಿ ಇದೆಯೋ ಮಣ್ಣಿದೆಯೋ ಬಲ್ಲವರಿಲ್ಲ.

ಹಾಸುವ ಹುಡುಗರು ಜಾರ್ಖಂಡ್, ಒಡಿಶಾ ಕಡೆಯವರು. ದಾರ ಕಟ್ಟಿ, ಕುಕ್ಕರಗಾಲಿನಲ್ಲಿ ಕೂತು, ರಬ್ಬರ್ ಸುತ್ತಿಗೆಯಿಂದ ಎರಡೇ ಪೆಟ್ಟು ಕೊಟ್ಟು ಹಿಂದೆ ಸರಿಯುವ ಅವರ ವೇಗ ನೋಡುವಂಥದು. ವಾಟದ ವಿಚಾರ ಮಾತ್ರ ಭಾಷೆಯ ಗಡಿಯಲ್ಲಿ ನಿಲ್ಲುತ್ತದೆ. 10 ಅಡಿಗೆ 2 ಇಂಚಿನಷ್ಟಾದರೂ ಇಳಿಜಾರು ಬೇಕು, ಅದೂ ಮನೆಯಿಂದ ಹೊರಕ್ಕೆ. "ಪಾನಿ ಕಿಧರ್ ಜಾಯೇಗಾ?" ಎಂದು ಯಜಮಾನ ತನ್ನ ಹಿಂದಿಯನ್ನೆಲ್ಲ ಒಟ್ಟುಗೂಡಿಸಿ ಕೇಳಿದರೆ "ಚಲಾ ಜಾಯೇಗಾ" ಎಂಬ ಉತ್ತರ ಬರುತ್ತದೆ. ಒಂದು ಬಕೆಟ್ ನೀರು ಸುರಿದು ನೋಡುವುದು ಇದಕ್ಕಿಂತ ಸ್ಪಷ್ಟವಾದ ಭಾಷೆ. ಕೊನೆಯ ಸಾಲಿಗೆ ಬಂದಾಗ ಎರಡು ಬೆರಳಿನ ಸಂದಿ ಉಳಿಯುತ್ತದೆ. ಆಗ ಕೊಯ್ಯುವ ಮೆಷಿನು ಕಿರುಚತೊಡಗಿ, ಬಿಳಿ ಹುಡಿ ಎದ್ದು, ಹಗ್ಗದ ಮೇಲಿನ ಬಟ್ಟೆಯಿಂದ ದಾಸವಾಳದ ಎಲೆಯವರೆಗೆ ಮನೆಯೆಲ್ಲ ಒಂದೇ ಬಣ್ಣವಾಗುತ್ತದೆ. ಸಂದಿಗಳಿಗೆ ಒಣ ಹುಡಿ ಗುಡಿಸಿ ತುಂಬಿ, ಮತ್ತೊಮ್ಮೆ ಯಂತ್ರ ಓಡಿಸಿದರೆ ಹಾಸುವುದು ಮುಗಿಯಿತು.

ಹಣದ ಬಗ್ಗೆ ಎರಡು ಸಿದ್ಧಾಂತಗಳಿವೆ. ಕೆಲಸ ಮುಗಿದ ಸಂಜೆಯೇ ಬಾಕಿ ಚುಕ್ತಾ ಆಗಬೇಕೆಂಬುದು ಕಂತ್ರಾಟುದಾರನದು. ಮೊದಲ ಮಳೆ ನೋಡಿ ಕೊಡೋಣ ಎಂಬುದು ಯಜಮಾನನದು. ಎರಡನೆಯದೇ ಸರಿ. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಜಿಲ್ಲೆಯಲ್ಲಿ ಅದಕ್ಕಿಂತ ನಿಷ್ಪಕ್ಷಪಾತಿ ಎಂಜಿನಿಯರ್ ಸಿಗಲಾರ. ಚಕ್ರ ಹೋದ ದಾರಿ ಕುಸಿದು ಎರಡು ಚರಂಡಿ ಮೂಡಿದರೆ ಜಲ್ಲಿ ಎಲ್ಲಿಯವರೆಗೆ ಬಿದ್ದಿತ್ತೆಂಬ ಲೆಕ್ಕ ಸಿಕ್ಕಂತೆ. "ಅದು ಸೆಟ್ ಆಗುದು, ಏನೂ ತೊಂದ್ರೆ ಇಲ್ಲ" ಎಂದು ಫೋನಿನಲ್ಲಿ ಸಮಾಧಾನ ಬರುತ್ತದೆ. ಬಾಕಿ ಉಳಿದಿದ್ದರೆ ಹುಡುಗರೂ ಬರುತ್ತಾರೆ. ಬಿಲ್ಲೆ ಎಬ್ಬಿಸಿ, ತುಂಬಿಸಿ, ಕೂರಿಸಲು ಅರ್ಧ ದಿನ ಸಾಕು.

ಮಳೆಗಾಲದಲ್ಲಿ ಬಿಲ್ಲೆಯ ಮೇಲೆ ಹಾವಸೆ, ಸಂದಿಯಲ್ಲಿ ಹುಲ್ಲು ಬರುತ್ತದೆ. ಹಾವಸೆಗೆ ಕಡ್ಡಿ ಹಿಡಿಯಲ್ಲಿ ತಿಕ್ಕುವುದೇ ಮದ್ದು. ಹುಲ್ಲಿನ ಕಾಟಕ್ಕೆ ಕೆಲವರು ಸಂದಿಗೆ ಸಿಮೆಂಟು ತುಂಬಿಸುತ್ತಾರೆ. ಆಮೇಲೆ ನೀರು ಇಂಗುವುದಿಲ್ಲ, ಅಡಿಯ ಪೈಪು ಒಡೆದರೆ ಬಿಲ್ಲೆ ಏಳುವುದೂ ಇಲ್ಲ. ಒಡೆದವುಗಳ ಬದಲಿಗೆ ಬೇಕಾಗುತ್ತದೆಂದು ಒಂದಿಷ್ಟು ಬಿಲ್ಲೆಗಳನ್ನು ಮೊದಲೇ ಹೆಚ್ಚಿಗೆ ತರಿಸಿ ಹಟ್ಟಿಯ ಹಿಂದೆ ಇಡುವುದು ಲೇಸು, ಏಕೆಂದರೆ ಮರುವರ್ಷದ ಕೆಂಪು ಈ ವರ್ಷದ ಕೆಂಪಿಗೆ ಹೊಂದುವುದಿಲ್ಲ. ಬೇಕಾದ ದಿನ ಹೋಗಿ ನೋಡಿದರೆ ಅವು ನೀರಿನ ಟ್ಯಾಂಕಿನ ಕೆಳಗೆ, ನಾಯಿಗೂಡಿನ ಕೆಳಗೆ, ಬಚ್ಚಲ ಸೌದೆಯ ಕೆಳಗೆ ಭದ್ರವಾಗಿರುತ್ತವೆ. ಅಲ್ಲಿಂದ ಅವನ್ನು ಎಳೆಯುವಂತಿಲ್ಲ.