ಟೂಟ್ಸಿ-ಫ್ರೂಟ್ಸಿ ಮೀಮಾಂಸೆ

ಟೋಪಿ ಹಾಕುವ ವಿದ್ಯೆಗೆ ಲಕ್ಷಣಗ್ರಂಥವಿಲ್ಲ ಎಂಬ ಕೊರತೆ ನಮ್ಮ ಪಂಡಿತರನ್ನು ಈವರೆಗೆ ಕಾಡಿಲ್ಲ. ಕಾಡಬೇಕಿತ್ತು. ಅರವತ್ತನಾಲ್ಕು ಕಲೆಗಳ ಪಟ್ಟಿಯಲ್ಲಿ ಜೂಜಿಗೆ ಜಾಗವಿದೆ. ಜೂಜಾಡಲು ಬಂದವನು ಕೌಂಟರು ಮುಟ್ಟುವ ಮೊದಲೇ ಅವನ ಜೇಬು ಹಗುರ ಮಾಡುವ ಕಲೆಗೆ ಇಲ್ಲ. ಈ ಲೋಪವನ್ನು ಸರಿಪಡಿಸಲು ಪ್ರಸ್ತುತ ಪ್ರಬಂಧವು ಆರಿಸಿಕೊಂಡಿರುವ ಆಕರ, ಎಂಜಿಎಂ ಸಂಸ್ಥೆ 1937ರಲ್ಲಿ ತೆರೆಗೆ ತಂದ ‘ಎ ಡೇ ಅಟ್ ದಿ ರೇಸಸ್’. ನಿರ್ದೇಶಕ ಸ್ಯಾಮ್ ವುಡ್, ನಟರು ಮಾರ್ಕ್ಸ್ ಸಹೋದರರು. (‘ಬಂಡವಾಳ’ ಬರೆದ ಮಾರ್ಕ್ಸನಿಗೂ ಇವರಿಗೂ ನಂಟಿಲ್ಲ. ಬಂಡವಾಳ ಕರಗುವ ಬಗೆಯನ್ನು ಮಾತ್ರ ಇವರು ಆತನಿಗಿಂತ ಬೇಗ ಮನದಟ್ಟು ಮಾಡಿಸುತ್ತಾರೆ.)

ಪ್ರಸಂಗ ಇಷ್ಟು. ಡಾಕ್ಟರ್ ಹ್ಯೂಗೊ ಝಡ್. ಹ್ಯಾಕನ್‌ಬುಷ್, ಅರ್ಥಾತ್ ಗ್ರೌಚೊ ಮಾರ್ಕ್ಸ್, ರೇಸ್ ಮೈದಾನಕ್ಕೆ ಬರುತ್ತಾನೆ. ಸನ್-ಅಪ್ ಎಂಬ ಕುದುರೆಯ ಮೇಲೆ ಎರಡು ಡಾಲರ್ ಕಟ್ಟುವುದು ಅವನ ಸಂಕಲ್ಪ. ಅಷ್ಟರಲ್ಲಿ ಟೂಟ್ಸಿ-ಫ್ರೂಟ್ಸಿ ಐಸ್‌ಕ್ರೀಮ್ ಎಂದು ಕೂಗುತ್ತ ಗಾಡಿ ತಳ್ಳಿಕೊಂಡು ಟೋನಿ ಬರುತ್ತಾನೆ. ಇವನು ಚಿಕೊ ಮಾರ್ಕ್ಸ್. ಸನ್-ಅಪ್ ಈ ಮೈದಾನದಲ್ಲೇ ಅತಿ ಕೆಟ್ಟ ಕುದುರೆ ಎನ್ನುತ್ತಾನೆ. ಅದು ಸದಾ ಗೆಲ್ಲುತ್ತದಲ್ಲ ಎಂದು ಡಾಕ್ಟರು ಕೇಳಿದರೆ, ಮೊದಲು ಬರುತ್ತದೆ ಎಂಬುದೊಂದೇ ಅದಕ್ಕೆ ಕಾರಣ ಎಂದು ತಳ್ಳಿಹಾಕುತ್ತಾನೆ. ತರ್ಕಶಾಸ್ತ್ರದಲ್ಲಿ ಇದಕ್ಕೆ ಉತ್ತರವಿಲ್ಲ. ಡಾಕ್ಟರು ಒಂದು ಡಾಲರ್ ತೆತ್ತು ‘ಟಿಪ್’ ಕೊಳ್ಳುತ್ತಾನೆ.

ಇನ್ನು ಗ್ರಂಥವಿಚಾರ. ಲಕೋಟೆ ಒಡೆದರೆ ಒಳಗಿರುವುದು ಝಡ್, ವಿ, ಬಿ, ಎಕ್ಸ್, ಆರ್, ಪಿ, ಎಲ್ ಎಂಬ ಏಳು ಅಕ್ಷರ. ಸೂತ್ರವೆಂದರೆ ಹೀಗಿರಬೇಕು: ಚಿಕ್ಕದು, ಬಿಗಿಯಾದದ್ದು, ಗುರುಮುಖವಿಲ್ಲದೆ ಬಿಡಿಸಲಾಗದ್ದು. ಕಣ್ಣು ಪರೀಕ್ಷೆಗೆ ಹೋದಾಗಲೂ ತನಗೆ ಇದೇ ಕುದುರೆ ಬಿದ್ದಿತ್ತು ಎಂದು ಹ್ಯಾಕನ್‌ಬುಷ್ ಗೊಣಗುತ್ತಾನೆ. ಸೂತ್ರಕ್ಕೆ ಭಾಷ್ಯ ಬೇಕಲ್ಲ, ಅದು ಸಂಕೇತ ಪುಸ್ತಕ. ಪುಸ್ತಕ ಉಚಿತ, ಅಚ್ಚಿನ ಖರ್ಚು ಮಾತ್ರ ಒಂದು ಡಾಲರ್. ಭಾಷ್ಯಕ್ಕೆ ವಾರ್ತಿಕವಾಗಿ ಮಹಾ ಸಂಕೇತ ಪುಸ್ತಕ. ಇದೂ ಉಚಿತವೇ, ತಲುಪಿಸುವ ಖರ್ಚು ಎರಡು ಡಾಲರ್. ಪಕ್ಕದಲ್ಲೇ ನಿಂತಿದ್ದೇನಲ್ಲ ಎಂದು ಡಾಕ್ಟರು ತಗಾದೆ ತೆಗೆದಾಗ, ದೂರ ಕಮ್ಮಿ ಎಂಬ ಕಾರಣಕ್ಕೆ ಒಂದು ಡಾಲರಿಗೆ ಇಳಿಯುತ್ತದೆ. ಇನ್ನೂ ಒತ್ತಿ ನಿಂತರೆ ಅರ್ಧ ಡಾಲರಾಗದೇ ಎಂದು ಡಾಕ್ಟರು ಕೇಳುತ್ತಾನೆ. ನೀನು ಒತ್ತಿದಷ್ಟೂ ನಾನು ಸರಿಯುತ್ತೇನೆ, ಒಂದು ಡಾಲರ್ ಒಂದು ಡಾಲರೇ ಎಂಬುದು ಟೋನಿಯ ಸಿದ್ಧಾಂತ.

ಮಹಾ ಸಂಕೇತ ಪುಸ್ತಕ ತೆರೆದರೆ ಅಲ್ಲಿರುವುದು ಶುದ್ಧ ವ್ಯಾಕರಣ. ಝಡ್ ಎಂದರೆ ಜೆ ಎಂದು ತಿಳಿಯತಕ್ಕದ್ದು, ಕುದುರೆ ಹೆಣ್ಣುಮರಿಯಾಗಿದ್ದರೆ ಹೊರತು. ಒಂದಕ್ಷರದ ಜಾಗದಲ್ಲಿ ಇನ್ನೊಂದಕ್ಷರ ಬಂದರೆ ಆದೇಶಸಂಧಿ ಎಂದು ಶಾಲೆಯ ಮಕ್ಕಳೂ ಬಲ್ಲರು. ಆದರೆ ಆದೇಶವಾಗುವುದೂ ಬಿಡುವುದೂ ಕುದುರೆಯ ಲಿಂಗಕ್ಕೆ ಬಿಟ್ಟದ್ದು ಎಂಬ ವಿಧಿ ‘ಶಬ್ದಮಣಿದರ್ಪಣ’ ಬರೆದ ಕೇಶಿರಾಜನಿಗೂ ಹೊಳೆದಿರಲಿಲ್ಲ. ಕುದುರೆ ಹೆಣ್ಣೋ ಗಂಡೋ ಗೊತ್ತಾಗಬೇಕಾದರೆ ತಳಿಗಾರರ ಕೈಪಿಡಿ ಬೇಕು. ಅದೂ ಗಾಡಿಯಲ್ಲಿದೆ. ಬಿಡಿಯಾಗಿ ಒಂದಕ್ಕೆ ಒಂದು ಡಾಲರ್, ನಾಲ್ಕು ಒಟ್ಟಿಗೆ ಕೊಂಡರೆ ಐದು ಡಾಲರ್. ಸಗಟು ವ್ಯಾಪಾರದ ಚರಿತ್ರೆಯಲ್ಲಿ ಈ ದರಪಟ್ಟಿಗೆ ಸಾಟಿಯಿಲ್ಲ.

ಪೂರ್ವಪಕ್ಷ: ಹ್ಯಾಕನ್‌ಬುಷ್ ಹಳ್ಳಿಮುಕ್ಕನಲ್ಲ. ಅವನೇ ದೊಡ್ಡ ಠಕ್ಕ. ವೃತ್ತಿಯಿಂದ ದನದ ಡಾಕ್ಟರು. ಇಲ್ಲದ ಕಾಯಿಲೆಗಳ ಶ್ರೀಮಂತೆ ಮಿಸೆಸ್ ಅಪ್‌ಜಾನಳನ್ನು (ಮಾರ್ಗರೆಟ್ ಡ್ಯೂಮಾಂಟ್) ಮಾತಲ್ಲೇ ಮರುಳುಮಾಡಿ ಆರೋಗ್ಯಧಾಮವೊಂದರ ಮುಖ್ಯಸ್ಥನಾಗಿ ಕುಳಿತವನು. ಇಂಥವನು ಐಸ್‌ಕ್ರೀಮಿನವನ ಕೈಯಲ್ಲಿ ಪಂಗನಾಮ ಹಾಕಿಸಿಕೊಳ್ಳುವುದುಂಟೇ?

ಸಿದ್ಧಾಂತ: ಇಂಥವನೇ ಹಾಕಿಸಿಕೊಳ್ಳುವುದು. ಮಾತಿನಲ್ಲಿ ಜಗತ್ತನ್ನೇ ಗೆದ್ದವನಿಗೆ ಇನ್ನೊಬ್ಬನ ಮಾತನ್ನು ಅರ್ಧಕ್ಕೆ ಬಿಟ್ಟು ಹೋಗಲು ಅಹಂಕಾರ ಬಿಡುವುದಿಲ್ಲ. ಚೌಕಾಸಿಯಲ್ಲಿ ಒಂದು ಡಾಲರ್ ಉಳಿಸಿದೆನೆಂದು ಬೀಗುವವನು, ಬೇಡದ ಪುಸ್ತಕ ಕೊಂಡದ್ದನ್ನು ಮರೆತಿರುತ್ತಾನೆ. ಟೋನಿ ಒಮ್ಮೆಯೂ ದೊಡ್ಡ ಮೊತ್ತ ಕೇಳುವುದಿಲ್ಲ. ಹೋದ ಡಾಲರನ್ನು ದಂಡವಾಗದಂತೆ ಉಳಿಸಿಕೊಳ್ಳಲು ಬೇಕಾದ ಮುಂದಿನ ಡಾಲರನ್ನಷ್ಟೇ ಕೇಳುತ್ತಾನೆ. ದೃಶ್ಯದುದ್ದಕ್ಕೂ ಒಂದು ಚಮಚ ಐಸ್‌ಕ್ರೀಮ್ ಕೂಡ ಬಿಕರಿಯಾಗುವುದಿಲ್ಲ ಎಂಬುದನ್ನೂ ಇಲ್ಲಿ ನಮೂದಿಸತಕ್ಕದ್ದು.

ಈ ಡಾಲರು ಆಗಿನ ಕಾಲದ ಡಾಲರು. 1933ರಲ್ಲಿ ಅಮೆರಿಕದ ದುಡಿಯುವ ನಾಲ್ವರಲ್ಲಿ ಸುಮಾರು ಒಬ್ಬನಿಗೆ ಕೆಲಸವಿರಲಿಲ್ಲ. ಚಿತ್ರ ಬಂದ ಮರುವರ್ಷ, 1938ರಲ್ಲಿ, ಅಲ್ಲಿನ ಕೇಂದ್ರ ಸರ್ಕಾರ ಮೊದಲ ಸಲ ದೇಶಕ್ಕೆಲ್ಲ ಅನ್ವಯಿಸುವ ಕನಿಷ್ಠ ಕೂಲಿ ಗೊತ್ತುಮಾಡಿದಾಗ ಅದು ಗಂಟೆಗೆ 25 ಸೆಂಟ್. ಆ ಲೆಕ್ಕದಲ್ಲಿ ಎರಡು ಡಾಲರ್ ಬಾಜಿ ಎಂದರೆ ಎಂಟು ಗಂಟೆಯ ಬೆವರು. ಮಹಾ ಸಂಕೇತ ಪುಸ್ತಕ ಟೋನಿಯ ಕೈಯಿಂದ ಡಾಕ್ಟರ ಕೈಗೆ ದಾಟಿದ್ದಕ್ಕೆ ನಾಲ್ಕು ಗಂಟೆಯ ಕೂಲಿ ಬಿತ್ತು. ಥಿಯೇಟರಿನಲ್ಲಿ ಕೂತವರಿಗೆ ಈ ಲೆಕ್ಕ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. ಗ್ರೌಚೊ ಕೂಡ 1929ರ ಷೇರುಪೇಟೆ ಕುಸಿತದಲ್ಲಿ ಕೈಸುಟ್ಟುಕೊಂಡವನೇ. ಅದೇ ವರ್ಷ ಕುಸಿತಕ್ಕೆ ಕೆಲವೇ ತಿಂಗಳ ಮುಂಚೆ ಬಿಡುಗಡೆಯಾದ ‘ದಿ ಕೋಕನಟ್ಸ್’ನಲ್ಲಿ ಅವನು ಫ್ಲಾರಿಡಾದ ಸೈಟು ಹರಾಜು ಹಾಕುತ್ತ ಜನಕ್ಕೆ ಮಂಕುಬೂದಿ ಎರಚುತ್ತಿದ್ದ.

ಉಚ್ಚಾರಣೆಯ ವಿಚಾರವನ್ನೂ ಬಿಡುವಂತಿಲ್ಲ. ಟೋನಿಯ ತೊದಲು ಇಟಾಲಿಯನ್-ಇಂಗ್ಲಿಷ್ ಕೇಳಿದವರು, ನಿನ್ನೆ ಮೊನ್ನೆ ಹಡಗಿಳಿದ ಅಮಾಯಕ ಎಂದುಕೊಳ್ಳುತ್ತಾರೆ. ಚಿಕೊ ಇಟಲಿಯವನಲ್ಲ, ನ್ಯೂಯಾರ್ಕಿನಲ್ಲಿ ಹುಟ್ಟಿದ ಯಹೂದಿ ದರ್ಜಿಯ ಮಗ. ನಾಲಿಗೆಯೇ ವೇಷ ಹಾಕಿಕೊಂಡಿದ್ದರೆ ಬೇರೆ ವೇಷವೇಕೆ? ಹೆಸರಿನ ಕತೆ ಇದಕ್ಕಿಂತ ಸೊಗಸು. ನಾಯಕನಿಗೆ ಮೊದಲು ಕ್ವಾಕನ್‌ಬುಷ್ ಎಂದು ನಾಮಕರಣವಾಗಿತ್ತು. ಆ ಹೆಸರಿನ ಅಸಲಿ ಡಾಕ್ಟರುಗಳು ಮೊಕದ್ದಮೆ ಹೂಡಿಯಾರೆಂದು ಸ್ಟುಡಿಯೊ ಹೆದರಿ ಹ್ಯಾಕನ್‌ಬುಷ್ ಮಾಡಿತು.

ಇಷ್ಟು ಚುರುಕು ಮಾತು ಸೆಟ್ಟಿನಲ್ಲಿ ಹಾಗೇ ಬಾಯಿಗೆ ಬಂದದ್ದಲ್ಲ. ನಿರ್ಮಾಪಕ ಅರ್ವಿಂಗ್ ಥಾಲ್ಬರ್ಗ್, ಚಿತ್ರೀಕರಣಕ್ಕೆ ಮುನ್ನ 1936ರಲ್ಲಿ ಹಾಸ್ಯದೃಶ್ಯಗಳನ್ನು ನಾಟಕದಂತೆ ಊರೂರಿಗೆ ಒಯ್ದು ಆಡಿಸಿದ್ದ. ನಗು ಬಂದ ಮಾತು ಉಳಿಯಿತು, ಬಾರದ್ದು ಹೋಯಿತು. ಅಂದರೆ ಪಾಠಾಂತರ ಪರಿಷ್ಕರಣೆ ಸಾಕ್ಷಾತ್ ಪ್ರೇಕ್ಷಕರಿಂದಲೇ ಆದದ್ದು. ನಮ್ಮ ಎಷ್ಟು ಸಂಪಾದಿತ ಕೃತಿಗಳಿಗೆ ಆ ಭಾಗ್ಯವಿದೆ? ಆದರೆ ಆ ಸೆಪ್ಟೆಂಬರಿನಲ್ಲಿ, 37ರ ಹರೆಯದಲ್ಲೇ, ಥಾಲ್ಬರ್ಗ್ ತೀರಿಕೊಂಡ. ಚಿತ್ರ ಮುಗಿದದ್ದನ್ನು ನೋಡಲಿಲ್ಲ.

ಫಲಶ್ರುತಿ. ತೋಳುತುಂಬ ಪುಸ್ತಕ ಹೊತ್ತ ಡಾಕ್ಟರು ಕೊನೆಗೂ ಸೂತ್ರ ಬಿಡಿಸಿ ರೋಸಿ ಎಂಬ ಕುದುರೆಯ ಹೆಸರು ಕಂಡುಹಿಡಿದು ಕೌಂಟರಿಗೆ ಓಡುತ್ತಾನೆ. ರೇಸು ಮುಗಿದಿರುತ್ತದೆ. ಗೆದ್ದದ್ದು ಸನ್-ಅಪ್. ಡಾಕ್ಟರ ದುಡ್ಡನ್ನೇ ಸನ್-ಅಪ್ ಮೇಲೆ ಕಟ್ಟಿದ್ದ ಟೋನಿ, ಗೆದ್ದ ಹಣ ಎಣಿಸಿಕೊಂಡು ನಡೆದುಬಿಡುತ್ತಾನೆ. ತಾನು ಮಾರಿದ ವಾಙ್ಮಯದ ಒಂದು ಪುಟವನ್ನೂ ಅವನು ನಂಬಿರಲಿಲ್ಲ. ಹ್ಯಾಕನ್‌ಬುಷ್ ಪುಸ್ತಕಗಳನ್ನು ಗಾಡಿಯೊಳಗೆ ಸುರಿದು, ಟೂಟ್ಸಿ-ಫ್ರೂಟ್ಸಿ ಎಂದು ಕೂಗುತ್ತ ತಾನೇ ಗಾಡಿ ತಳ್ಳುತ್ತಾನೆ.

ಕೊನೆಗೊಂದು ಅನುಬಂಧ. ತೆರೆಯ ಮೇಲೆ ಗೆಲ್ಲುವ ಕುದುರೆಯನ್ನು ಇಷ್ಟು ಸಲೀಸಾಗಿ ಗುರುತಿಸಿದ ಚಿಕೊ, ತೆರೆಯಾಚೆ ಮಹಾ ಜೂಜುಕೋರ. ಕೈಗೆ ಬಂದದ್ದೆಲ್ಲ ಕಳೆದವನು. ಅವನ ಸಂಪಾದನೆಯನ್ನು ಸಹೋದರರೇ ಹಿಡಿದಿಟ್ಟು, ಕೈಖರ್ಚಿಗೆ ಇಷ್ಟು ಎಂದು ಕೊಡಬೇಕಾಯಿತು. 1946ರಲ್ಲಿ ಸಹೋದರರು ಮತ್ತೆ ಬಣ್ಣ ಹಚ್ಚಿದ ‘ಎ ನೈಟ್ ಇನ್ ಕಾಸಾಬ್ಲಾಂಕಾ’ ಚಿತ್ರಕ್ಕೆ ಅವನ ಸಾಲವೇ ಮುಖ್ಯ ಪ್ರೇರಣೆ ಎಂಬುದು ಮಾರ್ಕ್ಸ್ ಚರಿತ್ರೆಯಲ್ಲಿ ಪ್ರಸಿದ್ಧ ಸಂಗತಿ. ಆಗ ಗ್ರೌಚೊಗೆ ಐವತ್ತೈದು ವರ್ಷ. ಈ ಸಲ ಅವನ ಕೈಗೆ ಒಂದು ಪುಸ್ತಕವೂ ಸಿಗಲಿಲ್ಲ.